ಹದಿನೇಳರ ಮಗ್ಗಿ

ತಿಪಟೂರಿನ ನನ್ನ ಕ್ಲಿನಿಕ್ಕಿನ ಬಗ್ಗೆ ಊರಲ್ಲೊಂದು ತಮಾಷೆ ಚಾಲ್ತಿಯಲ್ಲಿತ್ತು. ‘ಆ ಡಾಕ್ಟ್ರ ಹತ್ರ ಶುಗರ್‌ಗೆ ಅಂತ ಹೋದ್ರೆ ಕವಾಯತು ಮಾಡಿಸ್ತಾರೆ ಕಣಯ್ಯ. ಮಲಕ್ಕೋ ಅಂತಾರೆ, ಎದ್ದೇಳು ಅಂತಾರೆ, ಆಮೇಲೆ ಕಂಬದ ಥರ ನಿಲ್ಲಿಸಿ ತೋಳಿಗೆ ಗಾಳಿ ಹೊಡೀತಾರೆ.’ ಸುಳ್ಳಲ್ಲ. ಸಕ್ಕರೆ ಕಾಯಿಲೆಯವರು ಯಾರೇ ಬರಲಿ, ಮೊದಲು ಐದು ನಿಮಿಷ ಮಂಚದ ಮೇಲೆ ಮಲಗಿಸಿ ಬಿಪಿ ನೋಡುತ್ತಿದ್ದೆ. ಆಮೇಲೆ ಎಬ್ಬಿಸಿ ನಿಲ್ಲಿಸಿ ಒಂದನೆಯ ನಿಮಿಷಕ್ಕೊಮ್ಮೆ, ಮೂರನೆಯ ನಿಮಿಷಕ್ಕೊಮ್ಮೆ. ಕೊಬ್ಬರಿ ಹರಾಜಿನ ದಿನ ಮಂಡಿಗೆ ಬಂದ ಸುತ್ತಲ ಹಳ್ಳಿಯವರೆಲ್ಲ ಹಾಗೇ ನನ್ನಲ್ಲಿಗೂ ಬರುತ್ತಿದ್ದರು. ಬೆಂಚು ತುಂಬಿ ಜಗಲಿಯೂ ತುಂಬಿರುತ್ತಿತ್ತು. ಕಾಂಪೌಂಡರ್ ಬಾಗಿಲಲ್ಲಿ ಇಣುಕಿ ಇಣುಕಿ ಹೋಗುತ್ತಿದ್ದ. ಆದರೂ ಆ ಮೂರು ನಿಮಿಷವನ್ನು ನಾನು ಬಿಡಲಿಲ್ಲ. ಅದನ್ನು ನನಗೆ ಕಲಿಸಿದವರು ಒಬ್ಬ ಲೆಕ್ಕದ ಮೇಷ್ಟ್ರು. ನಾನು ಕಲಿಯಲಿಕ್ಕೆ ಅವರ ಸೊಂಟದ ಮೂಳೆ ಮುರಿಯಬೇಕಾಯಿತು.

ಮೈಸೂರಿನಲ್ಲಿ ಓದು ಮುಗಿಸಿ 1989ರಲ್ಲಿ ಬೋರ್ಡು ಹಾಕಿದಾಗ ನನ್ನ ಆಸ್ತಿಯೆಂದರೆ ಒಂದು ಪಾದರಸದ ಬಿಪಿ ಯಂತ್ರ, ಒಂದು ಸ್ಪಿರಿಟ್ ದೀಪ, ಒಂದು ಡಜನ್ ಗಾಜಿನ ಕೊಳವೆ. ಸಕ್ಕರೆ ನೋಡುವುದೆಂದರೆ ಮೂತ್ರ ಕುದಿಸುವುದು. ಐದು ಎಂ.ಎಲ್. ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಎರಡು ನಿಮಿಷ ಕುದಿ. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಒಂಚೂರು, ಹಳದಿಯಾದರೆ ಜಾಸ್ತಿ, ಕೊನೆಗೆ ಇಟ್ಟಿಗೆ ಕೆಂಪು. ರೋಗಿಗಳು ಕತ್ತು ಚಾಚಿ ಬಣ್ಣ ನೋಡುತ್ತಿದ್ದರು. ಹಸಿರಿಗೆ ಇಳಿದರೆ ಪರೀಕ್ಷೆ ಪಾಸಾದಷ್ಟು ಖುಷಿ. ಅದೇ ಮೂತ್ರವನ್ನು ಇನ್ನೊಂದು ಕೊಳವೆಗೆ ಸುರಿದು ಮೇಲ್ಭಾಗ ಮಾತ್ರ ಕಾಯಿಸುತ್ತಿದ್ದೆ. ಕೆಲವರದು ಮಜ್ಜಿಗೆ ನೀರಿನ ಹಾಗೆ ಮಬ್ಬಾಗುತ್ತಿತ್ತು. ಎರಡು ಹನಿ ಅಸಿಟಿಕ್ ಆಸಿಡ್ ಬಿಟ್ಟ ಮೇಲೂ ಮಬ್ಬು ಹೋಗದಿದ್ದರೆ ಅಲ್ಬುಮಿನ್ ಇದೆ, ಕಿಡ್ನಿ ಸೋರುತ್ತಿದೆ ಎಂದರ್ಥ. ಬಣ್ಣದ ಕೊಳವೆಯನ್ನು ಎಲ್ಲರೂ ಕೇಳುತ್ತಿದ್ದರು, ಮಬ್ಬಿನ ಕೊಳವೆಯನ್ನು ಯಾರೂ ಕೇಳುತ್ತಿರಲಿಲ್ಲ. ನಾನೂ ಅದನ್ನು ತೊಳೆದಿಟ್ಟು ಸಕ್ಕರೆ ಮಾತ್ರೆಯ ಲೆಕ್ಕಕ್ಕೆ ಹೋಗುತ್ತಿದ್ದೆ. ಬಿಪಿ ಎನ್ನುವುದು ಆಗ ಸಕ್ಕರೆ ಕಾಯಿಲೆಯ ಪಕ್ಕದ ಮನೆಯವನು, ನಮ್ಮ ಮನೆಯವನಲ್ಲ.

ಇದ್ದ ಬಿಪಿ ಮಾತ್ರೆಗಳಾದರೂ ಎಷ್ಟು? ಅಟೆನೊಲಾಲ್, ನಿಫೆಡಿಪಿನ್, ನೀರಿಳಿಸುವ ಥಯಜೈಡ್, ಮೀಥೈಲ್‌ಡೋಪಾ. ಹಳೆಯ ತಲೆಮಾರಿನ ವೈದ್ಯರು ರಿಸರ್ಪೀನ್ ಬೆರೆತ ಮಾತ್ರೆಯನ್ನು ಇನ್ನೂ ಬರೆಯುತ್ತಿದ್ದರು. ಅದು ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದು, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಆ ಬೇರು ರಕ್ತದೊತ್ತಡ ಇಳಿಸುವುದನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಆಮೇಲೆ ಬಂದದ್ದು ಕ್ಯಾಪ್ಟೊಪ್ರಿಲ್. ಅದರ ಮೂಲ ಬ್ರೆಜಿಲ್ಲಿನ ಜರಾರಾಕಾ ಎಂಬ ಹಾವಿನ ವಿಷ. ಕಚ್ಚಿಸಿಕೊಂಡವರ ಬಿಪಿ ಕುಸಿಯುವುದೇಕೆಂದು ಹುಡುಕಿಕೊಂಡು ಹೋದವರು ಕೊನೆಗೆ ಮಾತ್ರೆ ಮಾಡಿ ಹೊರಬಂದರು. ಹೆಸರಿಗೆ ಮಾತ್ರ ಹಾವಿದ್ದ ಔಷಧಿಯಿಂದ ನಿಜವಾದ ಹಾವಿನ ಔಷಧಿಗೆ ಬಂದೆವಲ್ಲ ಎಂದು ನಾನು ಒಬ್ಬನೇ ನಕ್ಕದ್ದುಂಟು. ರೋಗಿಗಳಿಗೆ ಮಾತ್ರ ಈ ಕಥೆ ಹೇಳಲು ಹೋಗಲಿಲ್ಲ. ಒಬ್ಬರಿಗೆ ಹೇಳಿದ್ದೆ, ಅವರು ಮಾತ್ರೆಯನ್ನು ಹುತ್ತದ ಬಳಿ ಇಟ್ಟು ಕೈಮುಗಿದು ಬಂದರು.

ಮೇಷ್ಟ್ರು ಬಂದದ್ದು 1994ರಲ್ಲಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಹದಿನೆಂಟು ವರ್ಷ ತುಂಬಿತ್ತು. ಪಾದ ಜೋಮು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ ಎಂದರು. ನಾಡಿ ಹಿಡಿದರೆ ನಿಮಿಷಕ್ಕೆ ತೊಂಬತ್ತಾರು. ಉಸಿರು ಎಳೆದರೂ ಬಿಟ್ಟರೂ ಅಷ್ಟೇ, ಗಡಿಯಾರದ ಹಾಗೆ. ಇವೆರಡೂ ಸಾಕಿತ್ತು, ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕುರ್ಚಿಯಲ್ಲಿ ಕೂರಿಸಿಯೇ ಬಿಪಿ ನೋಡಿದೆ: 170/100.

ಆ ತಿಂಗಳಷ್ಟೇ ಔಷಧಿ ಕಂಪನಿಯ ರೆಪ್ ಪ್ರಾಜೋಸಿನ್‌ನ ಬಣ್ಣದ ಹಾಳೆ ಬಿಡಿಸಿಟ್ಟು ಹೋಗಿದ್ದ. ಇದು ಸಕ್ಕರೆ ಏರಿಸುವುದಿಲ್ಲ, ಕೊಲೆಸ್ಟರಾಲ್ ಏರಿಸುವುದಿಲ್ಲ, ಡಯಾಬಿಟಿಸ್‌ನವರಿಗೆ ಹೇಳಿ ಮಾಡಿಸಿದ್ದು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಥಯಜೈಡ್ ಸಕ್ಕರೆ ಏರಿಸುತ್ತದೆ, ಅಟೆನೊಲಾಲ್ ಸಕ್ಕರೆ ಕುಸಿದಾಗಿನ ನಡುಕ, ಎದೆಬಡಿತ ಎರಡನ್ನೂ ಮುಚ್ಚಿಬಿಡುತ್ತದೆ. ಅವೆರಡನ್ನೂ ಬಿಟ್ಟರೆ ಇದೇ ಜಾಣತನ ಅಂದುಕೊಂಡೆ. ಮೊದಲ ಮಾತ್ರೆಗೆ ತಲೆ ಸುತ್ತಿ ಬೀಳುವ ಅಪಾಯವಿದೆ, ಆದ್ದರಿಂದ ಮಲಗುವಾಗಲೇ ಕೊಡಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹಾಗೇ ಬರೆದೆ. ಮಲಗಿದವನು ಬೀಳುವುದೆಲ್ಲಿಗೆ?

ಸಕ್ಕರೆ ಜಾಸ್ತಿಯಿರುವ ಮನುಷ್ಯ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾನೆ. ಈ ಒಂದು ಮಾತು ಪುಸ್ತಕದ ಆ ಪುಟದಲ್ಲಿ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಮೇಷ್ಟ್ರ ಮನೆಯಲ್ಲಿ ಬಚ್ಚಲು ಹಿತ್ತಲಿನಲ್ಲಿ. ರಾತ್ರಿ ಒಂದೂವರೆ ಹೊತ್ತಿಗೆ ಎದ್ದು ಅಡುಗೆಮನೆ ದಾಟಿ ಹಿತ್ತಲ ಬಾಗಿಲಿನ ಅಗುಳಿ ತೆಗೆದಿದ್ದಾರೆ. ಆಮೇಲಿನದು ಅವರಿಗೆ ನೆನಪಿಲ್ಲ. ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದರು. ಬೆಳಿಗ್ಗೆ ಅವರ ಮಗ ಬಂದು, ‘ಅಪ್ಪ ಬಿದ್ದರು ಸಾರ್, ಕಾಲು ಎತ್ತೋಕಾಗ್ತಿಲ್ಲ’ ಅಂದ. ನಾನು ಹೋದಾಗ ಬಲಗಾಲು ಹೊರಗೆ ತಿರುಗಿ, ಎಡಗಾಲಿಗಿಂತ ಗಿಡ್ಡವಾಗಿ ಬಿದ್ದಿತ್ತು. ಎಕ್ಸ್‌ರೇ ಬೇಕಿರಲಿಲ್ಲ. ತಲೆದಿಂಬಿನ ಪಕ್ಕದ ಗೂಡಿನಲ್ಲಿ ನನ್ನ ಚೀಟಿಯೂ ಹತ್ತು ಮಾತ್ರೆಯ ಪಟ್ಟಿಯೂ ಇತ್ತು. ಪಟ್ಟಿಯಲ್ಲಿ ಒಂದು ಗೂಡು ಮಾತ್ರ ಖಾಲಿ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎರಡು ತಿಂಗಳ ಮೇಲೆ ವಾಕರ್ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಬೇರೆ ಡಾಕ್ಟರರ ಹತ್ತಿರ ಹೋಗಬಹುದಿತ್ತು. ಅವರ ಮನೆಯವರು ಹೊರಗೇ ಕೂತರು, ನನ್ನ ಮುಖ ನೋಡಲಿಲ್ಲ. ಆವತ್ತು ಮೊದಲ ಸಲ ಅವರನ್ನು ಮಲಗಿಸಿ ನೋಡಿದೆ: 168/96. ನಿಲ್ಲಿಸಿ ನೋಡಿದೆ: 124/70. ನಿಂತ ಕೂಡಲೇ ಕಾಲಿಗಿಳಿಯುವ ರಕ್ತವನ್ನು ಮೇಲಕ್ಕೆ ಹಿಡಿದಿಡಲು ರಕ್ತನಾಳಗಳು ಬಿಗಿಯಾಗಬೇಕು. ಬಿಗಿ ಮಾಡು ಎಂದು ಹೇಳುವ ನರಗಳು ಅವರಲ್ಲಿ ಸಕ್ಕರೆಯಿಂದ ಸವೆದುಹೋಗಿದ್ದವು. ಪಾದದ ಜೋಮು ಹೊರಗಿನ ನರದ್ದು, ಇದು ಒಳಗಿನ ನರದ್ದು. ಮೇಲಿನ ಅಂಕಿ ಇಪ್ಪತ್ತು ಇಳಿದರೆ, ಇಲ್ಲವೇ ಕೆಳಗಿನದು ಹತ್ತು ಇಳಿದರೆ ಎಚ್ಚರ ಎನ್ನುತ್ತಾರೆ. ಇವರದು ನಲವತ್ತನಾಲ್ಕು.

ಎರಡೂ ಅಂಕಿ ಬರೆದ ಹಾಳೆಯನ್ನು ಅವರ ಮುಂದಿಟ್ಟೆ. ತಪ್ಪು ನನ್ನದು ಎಂದೂ ಹೇಳಿದೆ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

‘ಒಂದೇ ಲೆಕ್ಕಕ್ಕೆ ಎರಡು ಉತ್ತರ ಬಂದಿದೆಯಲ್ಲ ಡಾಕ್ಟ್ರೇ. ಯಾವುದಕ್ಕೆ ಔಷಧಿ ಕೊಡ್ತೀರಿ?’

ಮೂವತ್ತು ವರ್ಷ ಕಳೆದಿದೆ. ಸಕ್ಕರೆ ಕಾಯಿಲೆಯವರಿಗೆ ಬಿಪಿ ಮಾತ್ರೆ ಬರೆಯುವಾಗಲೆಲ್ಲ ನಾನು ಉತ್ತರಿಸಲು ಹೆಣಗಿದ್ದು ಅದೇ ಪ್ರಶ್ನೆಗೆ. ಆವತ್ತು ಮಾಡಿದ್ದು ಇಷ್ಟು: ಮಂಚದ ತಲೆ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಡಿಸಿದೆ. ರಾತ್ರಿ ಎಚ್ಚರವಾದರೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಆಮೇಲೆ ಏಳಬೇಕು. ಹಿತ್ತಲಿಗೆ ಹೋಗಕೂಡದು, ಮಂಚದ ಕೆಳಗೇ ಒಂದು ಡಬ್ಬ. ಬೆಳಿಗ್ಗೆ ಮಾತ್ರ ಸಣ್ಣ ಪ್ರಮಾಣದ ಎನಾಲಪ್ರಿಲ್. ಮಲಗಿದಾಗಿನ ಅಂಕಿ ಚೆನ್ನಾಗಿ ಕಾಣಲಿ ಎಂಬ ಆಸೆ ಬಿಟ್ಟುಬಿಟ್ಟೆ. ಮೇಷ್ಟ್ರು ಅದಕ್ಕೆ ತಮ್ಮದೂ ಒಂದು ಸೇರಿಸಿದರು: ಗಡಿಯಾರ ನೋಡಿಕೊಂಡು ಕೂರುವುದು ತಮ್ಮ ಕೈಲಾಗದು, ಹದಿನೇಳರ ಮಗ್ಗಿಯನ್ನು ನಿಧಾನಕ್ಕೆ ಹೇಳಿಕೊಳ್ಳುತ್ತೇನೆ, ನಾಲ್ಕು ಸಲ ಹೇಳಿದರೆ ಎರಡು ನಿಮಿಷ. ಹದಿನೇಳೇ ಯಾಕೆ ಅಂದೆ. ‘ಹದಿನೇಳ್ಹತ್ಲೆ ನೂರಾ ಎಪ್ಪತ್ತು. ನನ್ನ ಬಿಪಿ ಅಲ್ವೇ?’

1998ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಯುಕೆಪಿಡಿಎಸ್ ಅಧ್ಯಯನದ ಬಿಪಿ ಭಾಗ ಪ್ರಕಟವಾಯಿತು. ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ಅವರ ತಂಡ 1977ರಿಂದ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಳ್ಳುತ್ತಾ ಬಂದಿತ್ತು. ಅವರಲ್ಲಿ ಬಿಪಿಯೂ ಇದ್ದ 1,148 ಜನರ ಲೆಕ್ಕ ಇದು. ನಮ್ಮ ಕೈಗೆ ಅದರ ಜೆರಾಕ್ಸ್ ಬಂದದ್ದು ಕೆಲವು ತಿಂಗಳ ಮೇಲೆ, ಬೆಂಗಳೂರಿನ ಸ್ನೇಹಿತನೊಬ್ಬನ ಮೂಲಕ. ಬಿಗಿಯಾಗಿ ನೋಡಿಕೊಂಡ ಗುಂಪಿನ ಸರಾಸರಿ 144/82, ಸಡಿಲ ಬಿಟ್ಟ ಗುಂಪಿನದು 154/87. ಬರೀ ಹತ್ತು ಐದರ ವ್ಯತ್ಯಾಸ. ಅಷ್ಟಕ್ಕೇ ಪಾರ್ಶ್ವವಾಯು ಶೇಕಡಾ 44, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇಕಡಾ 32 ಕಡಿಮೆ. ಕಣ್ಣು, ಕಿಡ್ನಿಗೂ ಲಾಭ. ಇಷ್ಟು ದಿನ ಸಕ್ಕರೆಯ ಅಂಕಿಯ ಹಿಂದೆ ಓಡಿ ನಾನು ಏನು ಗಳಿಸಿಕೊಟ್ಟಿದ್ದೆನೋ, ಪಕ್ಕದ ಮನೆಯವನನ್ನು ಮಾತಾಡಿಸಿದ್ದರೆ ಅದಕ್ಕಿಂತ ಹೆಚ್ಚು ಗಳಿಸಬಹುದಿತ್ತು.

ಆ ಜೆರಾಕ್ಸಿನಲ್ಲಿ ಇನ್ನೆರಡು ಸಂಗತಿಗೆ ಕೆಂಪು ಗೆರೆ ಎಳೆದಿದ್ದೆ. ಒಂದು, ಕ್ಯಾಪ್ಟೊಪ್ರಿಲ್ ಕೊಟ್ಟವರಿಗೂ ಅಟೆನೊಲಾಲ್ ಕೊಟ್ಟವರಿಗೂ ಫಲಿತಾಂಶದಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವಿಲ್ಲ, ಇಳಿಯಬೇಕಾದ್ದು ಒತ್ತಡ. ಇನ್ನೊಂದು, ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಬಿಗಿ ಗುಂಪಿನ ಶೇಕಡಾ 29 ಜನಕ್ಕೆ ಮೂರೋ ಅದಕ್ಕಿಂತ ಹೆಚ್ಚೋ ಬಿಪಿ ಮಾತ್ರೆ ಬೇಕಾಗಿತ್ತು. ಇದನ್ನು ನಮ್ಮೂರಲ್ಲಿ ಹೇಗೆ ಹೇಳುವುದು? ಒಂದು ಮಾತ್ರೆ ಎರಡಾದರೆ ‘ಕಾಯಿಲೆ ಜಾಸ್ತಿಯಾಯ್ತು’, ಮೂರಾದರೆ ‘ಡಾಕ್ಟ್ರಿಗೆ ಕಮಿಷನ್ ಜಾಸ್ತಿಯಾಯ್ತು’. ಒಬ್ಬ ಅಜ್ಜಿ ಮೂರು ಮಾತ್ರೆಯನ್ನು ಅಂಗೈಯಲ್ಲಿ ಹರಡಿ, ‘ಒಂದ್ನೇ ದೊಡ್ಡದಾಗಿ ಮಾಡಿ ಕೊಡಪ್ಪಾ’ ಅಂದರು. ಒಂದನ್ನೇ ದೊಡ್ಡದು ಮಾಡಿದರೆ ಅದರ ಕೆಡುಕೂ ದೊಡ್ಡದಾಗುತ್ತದೆ, ಮೂರು ಸಣ್ಣವು ಸೇರಿದರೆ ಕೆಲಸ ಕೂಡಿ ಕೆಡುಕು ಹಂಚಿಹೋಗುತ್ತದೆ ಎಂದು ವಿವರಿಸಿದೆ. ಹೊಲದ ಕೆಲಸಕ್ಕೆ ಒಬ್ಬ ಪೈಲ್ವಾನನಿಗಿಂತ ಮೂರು ಆಳು ಮೇಲು ಅಂದ ಮೇಲೆ ಅಜ್ಜಿ ಒಪ್ಪಿದರು.

ಈ ಹೊತ್ತಿಗೆ ಮಬ್ಬಿನ ಕೊಳವೆಗೆ ಬೆಲೆ ಬಂದಿತ್ತು. ಕ್ಯಾಪ್ಟೊಪ್ರಿಲ್ ಕೊಟ್ಟರೆ ಇನ್ಸುಲಿನ್ ಅವಲಂಬಿಸಿದವರ ಕಿಡ್ನಿ ಕೆಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 1993ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತ್ತು. ಲೋಸಾರ್ಟನ್, ಇರ್ಬೆಸಾರ್ಟನ್‌ಗಳು ನಮ್ಮಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಯಲ್ಲೂ ಕಿಡ್ನಿ ಕಾಯುತ್ತವೆ ಎಂದು 2001ರಲ್ಲಿ ಗೊತ್ತಾಯಿತು. ನಡುವೆ 2000ದಲ್ಲಿ ಬಂದದ್ದು ಹೋಪ್ ಅಧ್ಯಯನ: ರಾಮಿಪ್ರಿಲ್ 10 ಮಿಲಿಗ್ರಾಂ, 9,297 ಜನ. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಕೇರಳದವರು, ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಆ ಹೆಮ್ಮೆಯೂ ಸೇರಿ ನಾನು ಒಂದೆರಡು ವರ್ಷ ಕಂಡಕಂಡವರಿಗೆಲ್ಲ ರಾಮಿಪ್ರಿಲ್ ಬರೆದೆ. ಅಷ್ಟೇ ಅಲ್ಲ, ಅಲ್ಬುಮಿನ್ ಜಾಸ್ತಿ ಸೋರುತ್ತಿದ್ದವರಿಗೆ ರಾಮಿಪ್ರಿಲ್ ಜೊತೆಗೆ ಲೋಸಾರ್ಟನ್ನೂ ಸೇರಿಸಿದೆ; ಆಗ ದೊಡ್ಡ ದೊಡ್ಡವರೂ ಹಾಗೇ ಮಾಡುತ್ತಿದ್ದರು. 2008ರಲ್ಲಿ ಅದೇ ಯೂಸುಫ್ ಅವರ ಆನ್‌ಟಾರ್ಗೆಟ್ ಅಧ್ಯಯನ, ಆ ಜಾತಿಯ ಎರಡು ಔಷಧಿ ಒಟ್ಟಿಗೆ ಕೊಟ್ಟರೆ ಲಾಭವಿಲ್ಲ, ತಲೆ ಸುತ್ತು ಮತ್ತು ಕಿಡ್ನಿಯ ತೊಂದರೆ ಹೆಚ್ಚು ಎಂದಿತು. ಮಾರನೆಯ ವಾರವಿಡೀ ಹಳೆಯ ಕಾರ್ಡು ತೆಗೆದು ಎರಡರಲ್ಲೊಂದಕ್ಕೆ ಅಡ್ಡಗೆರೆ ಎಳೆಯುವುದೇ ಕೆಲಸ.

ಈ ಔಷಧಿಗಳ ಕೆಲಸವನ್ನು ನಾನು ತೋಟದವರಿಗೆ ಡ್ರಿಪ್ ಫಿಲ್ಟರಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಕಿಡ್ನಿಯಲ್ಲಿ ಲಕ್ಷಗಟ್ಟಲೆ ಸಣ್ಣ ಫಿಲ್ಟರು. ಸಕ್ಕರೆ ಕಾಯಿಲೆಯಲ್ಲಿ ಒಳಗೆ ಬರುವ ಪೈಪು ಅಗಲ, ಹೊರಗೆ ಹೋಗುವ ಪೈಪು ಬಿಗಿ. ನಡುವೆ ಸಿಕ್ಕ ಜಾಲರಿ ಒತ್ತಡಕ್ಕೆ ಹರಿಯುತ್ತದೆ, ಅದೇ ಅಲ್ಬುಮಿನ್ ಸೋರುವುದು. ಈ ಮಾತ್ರೆ ಹೊರಗಿನ ವಾಲ್ವನ್ನು ಸ್ವಲ್ಪ ಸಡಿಲಿಸುತ್ತದೆ. ಒತ್ತಡ ಇಳಿದಾಗ ಶೋಧನೆಯೂ ಒಂಚೂರು ಇಳಿಯುವುದರಿಂದ ಮೊದಲ ವಾರಗಳಲ್ಲಿ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಏರಿದಂತೆ ಕಾಣಬಹುದು. ಏರಿಕೆ ಶೇಕಡಾ 30ರ ಒಳಗಿದ್ದರೆ ತಡೆದುಕೊಳ್ಳಬೇಕು. ತಡೆದುಕೊಳ್ಳುವವರು ಯಾರು? ಲ್ಯಾಬಿನವನು 1.2 ಇದ್ದದ್ದು 1.4 ಆಗಿದೆ ಎಂದು ಕೆಂಪು ಇಂಕಿನಲ್ಲಿ ಬರೆದುಕೊಟ್ಟರೆ, ‘ಈ ಮಾತ್ರೆ ಕಿಡ್ನಿ ತಿನ್ನುತ್ತೆ’ ಎಂಬ ಸುದ್ದಿ ಸಂತೆಯಲ್ಲಿ ಹಬ್ಬುತ್ತಿತ್ತು. ಕಿಡ್ನಿ ಉಳಿಸುವ ಮಾತ್ರೆ ಬಿಟ್ಟವರು ಅದೇ ಜೇಬಿನಲ್ಲಿ ಮಂಡಿನೋವಿನ ಡೈಕ್ಲೊಫಿನಾಕ್ ಇಟ್ಟುಕೊಂಡು ಓಡಾಡುತ್ತಿದ್ದರು. ಅದನ್ನು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುತ್ತಿದ್ದರು; ಅದಕ್ಕೆ ಕೆಟ್ಟ ಹೆಸರಿರಲಿಲ್ಲ.

ಕೆಮ್ಮಿನ ಕಥೆ ಬೇರೆ. ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ಕೆಲವರಲ್ಲಿ ಒಣ ಕೆಮ್ಮು ತರುತ್ತದೆ. ಗಂಟಲಲ್ಲಿ ಗರಿ ಸಿಕ್ಕಿಕೊಂಡ ಹಾಗೆ, ಕಫವಿಲ್ಲ, ಜ್ವರವಿಲ್ಲ, ರಾತ್ರಿ ಜಾಸ್ತಿ. ಮೊದಮೊದಲು ಗೊತ್ತಿದ್ದೂ ನೆನಪಾಗುತ್ತಿರಲಿಲ್ಲ. ಭಜನೆ ಮಂಡಳಿಯಲ್ಲಿ ಹಾಡುತ್ತಿದ್ದ ಒಬ್ಬ ತಾಯಿಗೆ ಕೆಮ್ಮಿನ ಸಿರಪ್ ಕೊಟ್ಟೆ, ಆಂಟಿಬಯಾಟಿಕ್ ಕೊಟ್ಟೆ. ಸಕ್ಕರೆ ಕಾಯಿಲೆಯವರಿಗೆ ಕೆಮ್ಮು ಮೂರು ವಾರ ದಾಟಿದರೆ ನಮ್ಮ ದೇಶದಲ್ಲಿ ಆಗ ಕ್ಷಯ ನೋಡಲೇಬೇಕಿತ್ತು, ಅದೇನೋ ಸರಿಯೇ. ಕಫ ಪರೀಕ್ಷೆಗೆ ಕಳಿಸಿದೆ, ಎಕ್ಸ್‌ರೇ ತೆಗೆಸಿದೆ. ಸರ್ಕಾರಿ ಆಸ್ಪತ್ರೆಯ ಕಫದ ಸಾಲಿನಲ್ಲಿ ನಿಂತದ್ದನ್ನು ಯಾರೋ ನೋಡಿದರಂತೆ. ಮಂಡಳಿಯವರು ಪ್ರಸಾದದ ತಟ್ಟೆಯನ್ನು ಅವರ ಕೈಗೆ ಕೊಡುವುದು ನಿಲ್ಲಿಸಿದರು. ನಾನು ಕೊಟ್ಟ ಬಿಳಿ ಮಾತ್ರೆ ನಿಲ್ಲಿಸಿ ಲೋಸಾರ್ಟನ್‌ಗೆ ಬದಲಿಸಿದ ಮೂರನೇ ವಾರಕ್ಕೆ ಕೆಮ್ಮು ನಿಂತಿತು. ತಟ್ಟೆ ಮತ್ತೆ ಕೈಗೆ ಬರಲು ಅದಕ್ಕಿಂತ ಬಹಳ ದಿನ ಹಿಡಿಯಿತು.

ಅಮ್ಲೊಡಿಪಿನ್‌ಗೆ ಕಾಲು ಊದುತ್ತದೆ. ಹೆಂಗಸರು ಊತ ಎನ್ನುತ್ತಿರಲಿಲ್ಲ, ‘ಕಾಲುಂಗುರ ಬಿಗಿಯಾಗ್ತಿದೆ’ ಎನ್ನುತ್ತಿದ್ದರು. ಅಷ್ಟು ಸಾಕಿತ್ತು. ಊತಕ್ಕೆ ನೀರಿಳಿಸುವ ಮಾತ್ರೆ ಬರೆಯುವ ಬದಲು ಅಮ್ಲೊಡಿಪಿನ್ ಅರ್ಧ ಮಾಡಿ ಜೊತೆಗೆ ಟೆಲ್ಮಿಸಾರ್ಟನ್ ಸೇರಿಸಿದರೆ ಉಂಗುರ ತಿರುಗುತ್ತಿತ್ತು. ಮದುವೆಯಾದ ಹುಡುಗಿಯರಿಗೆ ಮಾತ್ರ ಈ ಸಾರ್ಟನ್, ಪ್ರಿಲ್‌ಗಳನ್ನು ಬರೆಯುವ ಮೊದಲು ಮುಟ್ಟಿನ ತಾರೀಕು ಕೇಳಲೇಬೇಕು. ಹೊಟ್ಟೆಯಲ್ಲಿರುವ ಕೂಸಿನ ಕಿಡ್ನಿಗೆ ಅವು ಶತ್ರು. ಅತ್ತೆ ಪಕ್ಕದಲ್ಲಿ ಕೂತಿರುವಾಗ ಆ ಪ್ರಶ್ನೆ ಕೇಳುವುದು ಕಷ್ಟ. ಅತ್ತೆಯನ್ನು ತೂಕ ನೋಡಿಸಿಕೊಂಡು ಬನ್ನಿ ಎಂದು ಹೊರಗೆ ಕಳಿಸುತ್ತಿದ್ದೆ.

ನನ್ನ ವೃತ್ತಿಯಲ್ಲಿ ಬಹಳ ಕಷ್ಟಪಟ್ಟು ಹೇಳಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ, ‘ಎಳನೀರು ಕುಡೀಬೇಡಿ’ ಎನ್ನುತ್ತೇನೆ. ತಿಪಟೂರಿನಲ್ಲಿ! ತೆಂಗು ಎಂದರೆ ಇಲ್ಲಿ ದೇವರ ಪಕ್ಕ ಕೂರುವ ಗಿಡ. ಎಳನೀರು ಉಷ್ಣಕ್ಕೆ ಮದ್ದು, ಸುಸ್ತಿಗೆ ಮದ್ದು, ಬಂದವರಿಗೆ ಮರ್ಯಾದೆ. ಒಬ್ಬ ತೋಟದ ಯಜಮಾನರು, ಸಕ್ಕರೆಯೂ ಬಿಪಿಯೂ ಇದ್ದವರು, ಕ್ರಿಯಾಟಿನಿನ್ 1.9. ಎನಾಲಪ್ರಿಲ್ ಕೊಡುತ್ತಿದ್ದೆ, ಆರು ತಿಂಗಳಿಗೊಮ್ಮೆ ರಕ್ತ ನೋಡುತ್ತಿದ್ದೆ. ಏಪ್ರಿಲ್ ತಿಂಗಳ ಬಿಸಿಲು. ಕಾಲಲ್ಲಿ ಬಲವೇ ಇಲ್ಲ ಎಂದು ಮಗನ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ನಾಡಿ ನಲವತ್ತೆರಡು. ಇಸಿಜಿ ಕಾಗದದ ಮೇಲೆ ಟಿ ಅಲೆಗಳು ದೇವಸ್ಥಾನದ ಗೋಪುರದ ಹಾಗೆ ಚೂಪಾಗಿ ನಿಂತಿದ್ದವು. ಪೊಟ್ಯಾಸಿಯಂ ಇನ್ನೇನಲ್ಲ ಎಂದು ಕ್ಯಾಲ್ಸಿಯಂ ಚುಚ್ಚಿ, ಗ್ಲೂಕೋಸಿನಲ್ಲಿ ಇನ್ಸುಲಿನ್ ಹಾಕಿ ತುಮಕೂರಿಗೆ ಕಳಿಸಿದೆ. ಅಲ್ಲಿಂದ ಬಂದ ವರದಿ 6.8, ಐದರೊಳಗೆ ಇರಬೇಕಾದ್ದು.

ಬದುಕಿ ಬಂದ ಮೇಲೆ ಕೂರಿಸಿಕೊಂಡು ಕೇಳಿದೆ. ದಿನಕ್ಕೆಷ್ಟು ಎಳನೀರು?

‘ಜಾಸ್ತಿ ಇಲ್ಲ ಸ್ವಾಮಿ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಯಾರಾದ್ರೂ ಬಂದ್ರೆ ಅವರ ಜೊತೇಲೊಂದು.’

ಒಂದು ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಮಿನಷ್ಟು ಪೊಟ್ಯಾಸಿಯಂ. ಎನಾಲಪ್ರಿಲ್ ಅದನ್ನು ಹೊರಹೋಗದಂತೆ ಹಿಡಿಯುತ್ತದೆ, ಸೋತ ಕಿಡ್ನಿಗೆ ಹೊರಹಾಕುವ ಶಕ್ತಿಯಿಲ್ಲ. ಸಾಲದ್ದಕ್ಕೆ, ಬಿಪಿಯವರಿಗೆ ಒಳ್ಳೆಯದು ಎಂದು ಪೇಟೆಯಿಂದ ಸೊಸೆ ತಂದ ‘ಲೋ ಸೋಡಿಯಂ’ ಉಪ್ಪು. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ತುಂಬುವುದು ಪೊಟ್ಯಾಸಿಯಂ. ಮಂಡಿನೋವಿನ ಮಾತ್ರೆಯೂ ಇತ್ತು, ಕೇಳಬೇಕೆ. ಮಾತ್ರೆ ಶುರುಮಾಡಿದ ಎರಡು ವಾರದೊಳಗೆ, ಬೇಸಿಗೆಯಲ್ಲಿ ಇನ್ನೊಮ್ಮೆ, ಪೊಟ್ಯಾಸಿಯಂ ನೋಡುವುದನ್ನು ನಾನು ಅಲ್ಲಿಂದ ಮುಂದೆ ತಪ್ಪಿಸಲಿಲ್ಲ. ಚೀಟಿಯ ಕೆಳಗೆ ಒಂದು ರಬ್ಬರ್ ಸ್ಟಾಂಪು ಮಾಡಿಸಿದೆ: ‘ಎಳನೀರು, ನೋವಿನ ಮಾತ್ರೆ, ಬೇರೆ ಉಪ್ಪು – ಕೇಳದೆ ಬೇಡ.’ ಯಜಮಾನರು ಸ್ಟಾಂಪು ಓದಿ, ‘ಕೇಳಿದ್ರೆ ಕೊಡ್ತೀರಾ?’ ಅಂದರು. ಇಲ್ಲ ಅಂದೆ. ಯುಗಾದಿಗೊಂದು ಕುಡಿಯಬಹುದು ಎಂದು ರಾಜಿಯಾಯಿತು. ಕಿಡ್ನಿ ಸರಿಯಿದ್ದವರು ಎಳನೀರಿಗೆ ಹೆದರಬೇಕಿಲ್ಲ. ಹೆದರಿ ಬಿಟ್ಟವರೂ ಆಮೇಲೆ ಸಿಕ್ಕಿದರು, ಅವರಿಗೆ ಕುಡಿಯಿರಿ ಎಂದು ಹೇಳುವುದೇ ಇನ್ನೊಂದು ಪಾಡಾಯಿತು.

ಬಿಪಿಯನ್ನು ಎಲ್ಲಿಗೆ ಇಳಿಸಬೇಕು ಎಂಬ ಗೆರೆಯಂತೂ ನಾನು ನೋಡುತ್ತಿದ್ದಂತೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. 2003ರಲ್ಲಿ ಸಕ್ಕರೆ ಕಾಯಿಲೆಯವರಿಗೆ 130/80 ಅಂದರು. 2010ರ ಅಕಾರ್ಡ್ ಅಧ್ಯಯನದಲ್ಲಿ 4,733 ಜನರನ್ನು ಪರೀಕ್ಷಿಸಿ, 120ರ ಕೆಳಗೆ ಇಳಿಸಿದರೆ ಪಾರ್ಶ್ವವಾಯು ಕಡಿಮೆಯಾದರೂ ಒಟ್ಟಾರೆ ಹೃದಯದ ಅನಾಹುತಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಔಷಧಿಯ ತೊಂದರೆ ಮಾತ್ರ ಹೆಚ್ಚು ಅಂದರು. 2014ರಲ್ಲಿ ಗೆರೆ 140/90ಕ್ಕೆ ಏರಿತು, 2017ರಲ್ಲಿ ಮತ್ತೆ 130/80. 2024ರಲ್ಲಿ ಚೀನಾದ 12,821 ಜನರ ಅಧ್ಯಯನ 120ರ ಕೆಳಗೇ ಲಾಭವಿದೆ ಎಂದಿದೆ, ತಲೆ ಸುತ್ತು ಮತ್ತು ಪೊಟ್ಯಾಸಿಯಂ ಏರಿಕೆ ಹೆಚ್ಚೆಂಬ ಮಾತಿನ ಸಮೇತ. ಇವೆಲ್ಲ ಸುಳ್ಳಲ್ಲ, ಆಯಾ ಅಧ್ಯಯನಕ್ಕೆ ಸೇರಿದವರ ಮಟ್ಟಿಗೆ ಎಲ್ಲವೂ ನಿಜವೇ. ನಾನು ಮಾತ್ರ ಕಾರ್ಡಿನಲ್ಲಿ ಎರಡು ಸಾಲು ಇಟ್ಟುಕೊಂಡಿದ್ದೆ. ಐವತ್ತರ ಅಂಗಡಿ ಸಾಹುಕಾರರಿಗೆ ನಿಂತಾಗಲೂ ಕೂತಾಗಲೂ ಒಂದೇ ಅಂಕಿ ಬರುತ್ತಿದ್ದರೆ 130ರ ಕೆಳಗೆ ಇಳಿಸಲು ಜಗಳವಾಡುತ್ತಿದ್ದೆ. ಎಂಬತ್ತರ ಮುದುಕರಿಗೆ ನಿಂತಾಗ 130 ಬಂದರೆ ಮಲಗಿದಾಗಿನ 155ರ ತಂಟೆಗೆ ಹೋಗುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಹೊಸ ವೈದ್ಯರೊಬ್ಬರು ನನ್ನ ಕಾರ್ಡು ನೋಡಿ ಇದು ಸಡಿಲವಾಯಿತು ಎಂದರು. ಇರಬಹುದು. ಅವರು ಹಿತ್ತಲಿನ ಒಗೆಯುವ ಕಲ್ಲು ನೋಡಿರಲಿಲ್ಲ.

2020ರ ಕೊನೆಗೆ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಮಾತ್ರೆ ಅಗ್ಗವಾಯಿತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಅದು. ಜೊತೆಗೆ ಉಪ್ಪು ನೀರನ್ನೂ ಎಳೆದೊಯ್ದು ಬಿಪಿಯನ್ನು ನಾಲ್ಕಾರು ಅಂಕಿ ಇಳಿಸುತ್ತದೆ, ಕಿಡ್ನಿಯನ್ನೂ ಕಾಯುತ್ತದೆ. ಮೂತ್ರದಲ್ಲಿ ಸಕ್ಕರೆ ಕಂಡರೆ ಬೈಯುತ್ತಿದ್ದ ನಾನು ಮೂತ್ರದಲ್ಲಿ ಸಕ್ಕರೆ ಬರಲಿ ಎಂದು ಮಾತ್ರೆ ಬರೆಯುವ ಕಾಲ ಬಂತು. ಬೆನೆಡಿಕ್ಟ್ ದ್ರಾವಣ ಇದ್ದಿದ್ದರೆ ಎಲ್ಲರದೂ ಇಟ್ಟಿಗೆ ಕೆಂಪೇ. ಈ ಹೊಸದನ್ನು ಕೊಡುವ ದಿನ ನೀರಿಳಿಸುವ ಹಳೆಯ ಬಿಪಿ ಮಾತ್ರೆಯನ್ನು ಕಡಿಮೆ ಮಾಡಬೇಕು. ಮಾಡದಿದ್ದರೆ ನಿಲ್ಲಿಸಿ ನೋಡಿದಾಗ ಗೊತ್ತಾಗಿಬಿಡುತ್ತಿತ್ತು.

ಮೇಷ್ಟ್ರು ಆ ಮಾತ್ರೆಯ ಕಾಲದವರೆಗೆ ಇರಲಿಲ್ಲ. ಆದರೆ ಸೊಂಟ ಮುರಿದ ಮೇಲೂ ಹನ್ನೊಂದು ವರ್ಷ ಬದುಕಿದರು, ಮತ್ತೆ ಬೀಳಲಿಲ್ಲ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಕೊನೆಕೊನೆಗೆ ನಾನು ಹೇಳುವ ಮೊದಲೇ ತಾವೇ ಮಂಚದ ಮೇಲೆ ಮಲಗುತ್ತಿದ್ದರು. ಐದು ನಿಮಿಷವಾದ ಮೇಲೆ ಅಂಚಿಗೆ ಸರಿದು ಕೂತು, ಮೇಜಿನ ತುದಿ ಹಿಡಿದು ಎದ್ದು, ತೋಳನ್ನು ನನ್ನ ಕಡೆ ಚಾಚಿ, ಕಣ್ಣು ಮುಚ್ಚಿ ಶುರುಮಾಡುತ್ತಿದ್ದರು. ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ತನಾಲ್ಕು. ಹೊರಗೆ ಬೆಂಚಿನ ಮೇಲಿದ್ದ ಯಾವುದಾದರೂ ಮಗು ಜೊತೆಗೆ ಹೇಳಲು ನೋಡಿ ಹದಿನೇಳ್ನಾಲ್ಕಕ್ಕೆ ಎಡವುತ್ತಿತ್ತು. ಮೇಷ್ಟ್ರು ಕಣ್ಣು ಬಿಡದೆಯೇ ‘ಅರವತ್ತೆಂಟು’ ಎಂದು ತಿದ್ದುತ್ತಿದ್ದರು. ನಾನು ಸ್ಟೆತಸ್ಕೋಪು ಕಿವಿಗಿಟ್ಟುಕೊಂಡೇ, ಮಗ್ಗಿ ಮುಗಿಯಲಿ ಎಂದು ಕಾಯುತ್ತಿದ್ದೆ.

ಒಂದು ಸಲ ಮಲಗಿದಾಗ 148/82 ಇತ್ತು. ನಿಂತಾಗ ಬಂದದ್ದನ್ನು ಜೋರಾಗಿ ಓದಿ ಎಂದರು.

‘ನೂರಾ ಇಪ್ಪತ್ತಾರು, ಎಪ್ಪತ್ನಾಲ್ಕು.’

‘ಕಳೆದ್ರೆ ಇಪ್ಪತ್ತೆರಡು. ಇಪ್ಪತ್ತರೊಳಗಿರಬೇಕು ಅಂದಿದ್ರಿ.’

‘ಹೌದು ಮೇಷ್ಟ್ರೇ.’

‘ಎರಡು ಮಾರ್ಕ್ಸ್ ಹೋಯ್ತು,’ ಅಂದು ಕೂತುಕೊಂಡರು. ‘ನನ್ನದೋ, ನಿಮ್ಮದೋ?’

ನಾನು ಚೀಟಿ ಎಳೆದುಕೊಂಡು ಬೆಳಗಿನ ಮಾತ್ರೆಯ ಮುಂದೆ ಅರ್ಧ ಎಂದು ಬರೆದೆ.